ತಿರುಪತಿಗೆ ಹೋಗದೆ ಕೊಟ್ಟ ಮುಡಿ

ನನಗೆ ಇಪ್ಪತ್ತು ವರ್ಷವಾಗಿದ್ದಾಗ ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ನನಗಿಂತ ದೊಡ್ಡ ದೈವಭಕ್ತೆ ಇನ್ನೊಬ್ಬಳಿರಲಿಲ್ಲ. ಒಂದೂವರೆ ವರ್ಷದಲ್ಲಿ ಇಪ್ಪತ್ತು ಸಲ ತಿರುಪತಿಗೆ ಹೋಗಿಬಂದವಳು ಎಂದು ನನ್ನನ್ನು ತೋರಿಸಿ, ಓದುವ ಹುಡುಗಿಯರಿಗೆ ಬುದ್ಧಿ ಹೇಳುತ್ತಿದ್ದರು. ಆ ಒಂದೂವರೆ ವರ್ಷದಲ್ಲಿ ನಾನು ತಿರುಪತಿಯನ್ನು ಒಂದು ಸಲವೂ ನೋಡಲಿಲ್ಲ. ನಾನು ಹೋಗುತ್ತಿದ್ದದ್ದು ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಗೆ. ಬೋಳು ತಲೆ ಎರಡೂ ಕಡೆ ಹೋಗಿಬಂದವರಿಗೆ ಒಂದೇ ಥರ ಇರುತ್ತದೆ ಎನ್ನುವುದೇ ನಮ್ಮ ಅವ್ವ ಕಂಡುಹಿಡಿದ ಸತ್ಯ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಮ್ಮದು ನೇಯುವವರ ಮನೆ. ನಡುಮನೆಯಲ್ಲೇ ಮಗ್ಗ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಿದ್ದ. ಅವ್ವ ಪಕ್ಕದಲ್ಲಿ ಕೂತು ರಾಟೆ ತಿರುಗಿಸಿ ಲಾಳಿಗೆ ನೂಲು ಸುತ್ತಿಕೊಡುತ್ತಿದ್ದಳು. ನಾನೊಬ್ಬಳೇ ಮಗಳು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಚಳ್ಳಕೆರೆಯ ಕಾಲೇಜಿಗೆ ಹೋಗಿ, ಸಂಜೆ ವಾಪಸು ಬರುತ್ತಿದ್ದೆ. ಬಿ.ಎ. ಕೊನೆಯ ವರ್ಷ.

ಮೊದಲು ಬಂದದ್ದು ಸುಸ್ತು. ಬಸ್ಸಿನಲ್ಲಿ ಸೀಟು ಸಿಕ್ಕರೆ ಕೂತು ನಿದ್ದೆ, ಸಿಗದಿದ್ದರೆ ಕಂಬಿ ಹಿಡಿದು ನಿಂತೇ ನಿದ್ದೆ. ಮನೆಯವರು ಇದನ್ನು ಸೋಮಾರಿತನ ಎಂದು ತೀರ್ಮಾನಿಸಿದರು. ಆಮೇಲೆ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಇದನ್ನು ಉಷ್ಣ ಎಂದು ತೀರ್ಮಾನಿಸಿದರು. ತೋಳಿನ ಮೇಲೆ, ತೊಡೆಯ ಮೇಲೆ ಎಲ್ಲೂ ಬೀಳದೆ ಎದ್ದ ನೀಲಿ ಕಲೆಗಳನ್ನು ನೋಡಿ ಎದುರುಮನೆಯ ಪೆದ್ದಮ್ಮನನ್ನು ಕರೆಸಿದರು. ಅವರ ಮನೆಮಾತು ತೆಲುಗು. ವಯಸ್ಸಿನಲ್ಲಿ ಬೀದಿಗೇ ಹಿರಿಯರು. ಹಾಗಾಗಿ ಕನ್ನಡದವರಿಗೂ ಅವರು ದೊಡ್ಡಮ್ಮನಲ್ಲ, ಪೆದ್ದಮ್ಮನೇ. ಅವರು ಕಲೆಗಳನ್ನು ಒತ್ತಿ ನೋಡಿ, ಒಂದು ಗಳಿಗೆಯೂ ಯೋಚಿಸದೆ ದೃಷ್ಟಿ ಎಂದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಬರಲಿಲ್ಲ. "ನೋಡ್ದಾ? ಅಷ್ಟು ದೃಷ್ಟಿ ಐತೆ" ಎಂದರು. ಘಾಟು ಬಂದಿದ್ದರೂ ಅದನ್ನೇ ಹೇಳುತ್ತಿದ್ದರು ಎಂದು ಈಗಲೂ ನನ್ನ ಅನುಮಾನ.

ಒಂದು ದಿನ ಕ್ಲಾಸಿನಲ್ಲಿ ಮೂಗಿನಿಂದ ರಕ್ತ ಸುರಿಯಲು ಶುರುವಾಗಿ ನಿಲ್ಲಲೇ ಇಲ್ಲ. ದುಪಟ್ಟಾ ತೊಯ್ದುಹೋಯಿತು. ಜೊತೆಯ ಹುಡುಗಿಯರು ನನ್ನನ್ನು ಚಳ್ಳಕೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದರು. ವಯಸ್ಸಾದ ಡಾಕ್ಟರು, ಮಾತು ಕಡಿಮೆ. ಮೂಗಿಗೆ ಹತ್ತಿ ತುರುಕಿ, ಕುತ್ತಿಗೆ ಒತ್ತಿ, ಹೊಟ್ಟೆ ಒತ್ತಿ, ಪಕ್ಕದ ಲ್ಯಾಬಿಗೆ ಕಳಿಸಿದರು. ಲ್ಯಾಬಿನವನು ನನ್ನ ರಕ್ತವನ್ನು ಎರಡು ಸಲ ಎಣಿಸಿದ. ತನ್ನ ಲೆಕ್ಕ ತನಗೇ ನಂಬಿಕೆಯಾಗದೆ ಇನ್ನೊಂದು ಸಲ ಚುಚ್ಚಿ ರಕ್ತ ತೆಗೆದು ಮೂರನೆಯ ಸಲ ಎಣಿಸಿದ. ಆಮೇಲೆ ಚೀಟಿಯನ್ನು ನನ್ನ ಕೈಗೆ ಕೊಡದೆ ತಾನೇ ಡಾಕ್ಟರ ಹತ್ತಿರ ತೆಗೆದುಕೊಂಡು ಹೋದ. ಅಷ್ಟು ಮರ್ಯಾದೆ ನನಗೆ ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ.

"ಮನೇಲಿ ಯಾರ್ ಅದಾರೆ?" ಎಂದು ಡಾಕ್ಟರು ಕೇಳಿದರು.

"ಅಪ್ಪ, ಅವ್ವ."

"ಅಪ್ಪನ್ನ ಕರ್ಕೊಂಡು ನಾಳೆ ಬೆಳಿಗ್ಗೆನೇ ಬೆಂಗಳೂರಿಗೆ ಹೋಗ್ಬೇಕು. ಕಾಗದ ಬರ್ದು ಕೊಡ್ತೀನಿ."

"ಏನಾಗೈತೆ ಸಾರ್?"

"ರಕ್ತದಾಗೆ ಸ್ವಲ್ಪ ಹೆಚ್ಚುಕಮ್ಮಿ ಐತೆ."

ಆ 'ಸ್ವಲ್ಪ'ದ ಅರ್ಥ ನನಗೆ ಬೆಂಗಳೂರಿನಲ್ಲಿ ತಿಳಿಯಿತು. ಬಿಳಿ ರಕ್ತಕಣಗಳು ಇರಬೇಕಾದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಮಿಕ್ಕಿದ್ದೆಲ್ಲ ಕಡಿಮೆ. ಸೊಂಟದ ಹಿಂದಿನ ಮೂಳೆಗೆ ದಪ್ಪ ಸೂಜಿ ಇಳಿಸಿ ಒಳಗಿನ ಮಜ್ಜೆ ಎಳೆದು ಪರೀಕ್ಷೆ ಮಾಡಿದರು. "ಸ್ವಲ್ಪ ಒತ್ತಿದ ಹಾಗೆ ಆಗುತ್ತೆ" ಎಂದು ಅಲ್ಲಿಯ ಡಾಕ್ಟರು ಹೇಳಿದಾಗ, ಆ ಪದದ ಮೇಲಿನ ಕೊನೆಯ ನಂಬಿಕೆಯೂ ಹೋಯಿತು.

ಎರಡು ದಿನದ ಮೇಲೆ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ವಿಷಯ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ, ಆದರೆ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಅಪ್ಪ ತಂದ ಸಾಮಾನು ನಾನು ಎನ್ನುವ ಹಾಗಿತ್ತು.

"ಇದು ರಕ್ತದ ಕ್ಯಾನ್ಸರ್. ಈ ಜಾತಿಯದಕ್ಕೆ ಔಷಧಿ ಇದೆ. ಎರಡು ವರ್ಷಕ್ಕೂ ಮೇಲೆ ಬಿಡದೆ ತಗೋಬೇಕು. ನಡುವೆ ಬಿಟ್ಟರೆ ಕೆಲಸಕ್ಕೆ ಬರಲ್ಲ."

ಅಪ್ಪ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. "ನಮ್ಮದು ರೇಷ್ಮೆ ಕೆಲಸ ಸಾರ್. ಬಣ್ಣದ ನೀರಿಂದ ಬಂತಾ?"

"ಇಲ್ಲ. ಯಾಕೆ ಬಂತು ಅಂತ ಹೇಳೋಕಾಗಲ್ಲ."

ಮೊಳಕಾಲ್ಮೂರಿನಲ್ಲಿ ಕಾರಣ ಗೊತ್ತಿಲ್ಲದ ಕಾಯಿಲೆಯೇ ಇರಲಿಲ್ಲ. ಪೆದ್ದಮ್ಮನನ್ನು ಕೇಳಿದ್ದರೆ ಮೂರು ಕಾರಣ ಕೊಡುತ್ತಿದ್ದರು. ಇಷ್ಟು ಓದಿದವರಿಗೆ ಒಂದೂ ಗೊತ್ತಿಲ್ಲ ಎಂದು ಅಪ್ಪನಿಗೆ ಬೇಸರವಾಯಿತು.

ಆರು ವಾರ ಆಸ್ಪತ್ರೆಯಲ್ಲೇ ಇದ್ದೆ. ಔಷಧಿಗಳ ಹೆಸರು ನನಗೆ ಪರೀಕ್ಷೆಯ ಪಾಠಕ್ಕಿಂತ ಚೆನ್ನಾಗಿ ಬಾಯಿಪಾಠವಾಯಿತು. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್. ನೋಡಲು ನೀರಿನ ಹಾಗೆ ಸಾಧುವಾಗಿರುತ್ತಿತ್ತು. ಎರಡು ದಿನದ ಮೇಲೆ ದವಡೆ ನೋವು, ಬೆರಳ ತುದಿ ಜೋಮು, ಮತ್ತೆ ಐದು ದಿನ ಕಕ್ಕಸಿನ ಕಡೆ ತಲೆ ಹಾಕುವ ಪ್ರಶ್ನೆಯೇ ಇಲ್ಲ. ಡೌನೋರೂಬಿಸಿನ್ ಕೆಂಪಗೆ ಶರಬತ್ತಿನ ಹಾಗಿತ್ತು. ಮೂತ್ರವೂ ಕೆಂಪಗಾಗುತ್ತದೆ ಎಂದು ನರ್ಸು ನನಗೆ ಹೇಳಿದ್ದರು. ಅವ್ವನಿಗೆ ಹೇಳುವುದನ್ನು ನಾನು ಮರೆತಿದ್ದೆ. ಬೆಡ್‌ಪ್ಯಾನ್ ತೆಗೆಯಲು ಬಂದ ಅವ್ವ ಹಾಕಿದ ಕೂಗಿಗೆ ಮೂರು ವಾರ್ಡಿನ ಜನ ಓಡಿ ಬಂದರು. ಬೆನ್ನುಮೂಳೆಯ ಸಂದಿಗೆ ಸೂಜಿ ಚುಚ್ಚಿ ಔಷಧಿ ಬಿಡುವಾಗ ಹುಣಸೆಕಾಯಿಯ ಹಾಗೆ ಮುದುಡಿ ಮಲಗಬೇಕಿತ್ತು. "ಅಲ್ಲಾಡಬೇಡ" ಎಂದು ಇಬ್ಬರು ನನ್ನನ್ನು ಒತ್ತಿ ಹಿಡಿದಿರುತ್ತಿದ್ದರು. ಅಲ್ಲಾಡುವ ಶಕ್ತಿ ಇದೆ ಎಂದು ಅವರು ಭಾವಿಸಿದ್ದೇ ನನಗೊಂದು ಹೊಗಳಿಕೆ.

ಇವೆಲ್ಲದರ ನಡುವೆ ಪ್ರೆಡ್ನಿಸೋಲೋನ್ ಎಂಬ ಮಾತ್ರೆ ಇತ್ತು. ಅದನ್ನು ನುಂಗಿದರೆ ಹಸಿವು. ಸಾಧಾರಣ ಹಸಿವಲ್ಲ. ಬೆಳಿಗ್ಗೆ ಎಂಟು ಇಡ್ಲಿ ತಿಂದು, ಪಕ್ಕದ ಹಾಸಿಗೆಯವರ ತಟ್ಟೆಯನ್ನು ನೋಡುತ್ತ ಕೂರುತ್ತಿದ್ದೆ. ನಾಲ್ಕು ವಾರದಲ್ಲಿ ನನ್ನ ಮುಖ ದುಂಡಗೆ ಹುಣ್ಣಿಮೆಯ ಹಾಗಾಯಿತು. ನೋಡಲು ಬಂದ ನೆಂಟರೊಬ್ಬರು, "ಏನೇ ಹೇಳ್ರಿ, ಬೆಂಗಳೂರು ನೀರು ಹುಡುಗಿಗೆ ಹಿಡಿಸೈತೆ" ಎಂದು ಅವ್ವನಿಗೆ ಹೇಳಿ ಹೋದರು.

ಪಕ್ಕದ ಹಾಸಿಗೆಯಲ್ಲಿ ದೊಡ್ಡಉಳ್ಳಾರ್ತಿಯ ಹೆಂಗಸೊಬ್ಬಳಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳದೂ ಇದೇ ಕಾಯಿಲೆ, ಇದೇ ಔಷಧಿ. ಊರ ಪಕ್ಕದ ಕಾವಲಿನಲ್ಲಿ ಕುರಿ ಮೇಯಿಸುವವಳು. ನಾನು ತಿನ್ನುವುದನ್ನು ನೋಡಿ, "ನಮ್ಮ ಟಗರುನೂ ಇಷ್ಟು ಮೇಯಲ್ಲ ಕಣೇ" ಎಂದು ನಗುತ್ತ, ತನ್ನ ಎರಡು ಇಡ್ಲಿಯನ್ನೂ ನನ್ನ ತಟ್ಟೆಗೆ ಹಾಕುತ್ತಿದ್ದಳು.

ಕೂದಲು ಮೂರನೆಯ ವಾರ ಉದುರಲು ಶುರುವಾಯಿತು. ತಲೆ ಎತ್ತಿದರೆ ದಿಂಬಿಗೆಲ್ಲ ಕೂದಲು. ಬಾಚಣಿಗೆ ಹಾಕಿದರೆ ಒಂದು ಜಡೆಯಷ್ಟು ಕೈಗೇ ಬರುತ್ತಿತ್ತು. ಅವ್ವ ಅದನ್ನು ಎಸೆಯುತ್ತಿರಲಿಲ್ಲ. ಎಳೆ ಎಳೆಯಾಗಿ ಬಿಡಿಸಿ, ಬೆರಳಿಗೆ ಸುತ್ತಿ ಸುರುಳಿ ಮಾಡಿ ಇಡುತ್ತಿದ್ದಳು. ಮೂವತ್ತು ವರ್ಷ ರೇಷ್ಮೆ ಎಳೆ ಸುತ್ತಿದ ಕೈ ಅದು, ಬೇರೆ ಏನು ಮಾಡಬೇಕು ಎಂದು ಅದಕ್ಕೆ ಗೊತ್ತಿರಲಿಲ್ಲ. ಮೂರು ದಿನ ನೋಡಿ ನಾನೇ ಕ್ಷೌರದವನನ್ನು ಕರೆಸಿ ಎಂದೆ. ಅವನು ವಾರ್ಡಿಗೇ ಬಂದು ತಲೆ ಬೋಳಿಸಿ ಹೋದ. ಅಷ್ಟು ದಿನ ಅಳದ ಅವ್ವ ಆವತ್ತು ಅತ್ತಳು. ಅಳು ಮುಗಿಸಿ ಮುಖ ತೊಳೆದು ಬಂದವಳ ಕಣ್ಣಲ್ಲಿ ಒಂದು ಯೋಜನೆ ಇತ್ತು.

"ನೀವೂ ಬೋಳಿಸ್ಕೊಳ್ರಿ" ಎಂದು ಅಪ್ಪನಿಗೆ ಹೇಳಿದಳು.

"ನಾನ್ಯಾಕೆ?"

"ಊರಾಗೆ ಈ ಕಾಯಿಲೆ ಹೆಸರು ಹೇಳಿದ್ರೆ ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ? ಟೈಫಾಯ್ಡ್ ಆಗಿತ್ತು, ಹರಕೆ ಹೊತ್ತಿದ್ವಿ, ತಿರುಪತಿಗೆ ಹೋಗಿ ಮುಡಿ ಕೊಟ್ವಿ ಅನ್ನಾಣ. ಒಬ್ಬಳದೇ ಬೋಳಾದ್ರೆ ಕೇಳ್ತಾರೆ. ಇಬ್ಬರದೂ ಆದ್ರೆ ಕೈ ಮುಗೀತಾರೆ."

ಅಪ್ಪ ಎರಡನೆಯ ಮಾತಾಡದೆ ಹೊರಗೆ ಹೋಗಿ ತಲೆ ನುಣ್ಣಗೆ ಮಾಡಿಸಿಕೊಂಡು ಬಂದ. ಊರಿಗೆ ಹೊರಡುವ ದಿನ ಅವ್ವ ನಮ್ಮಿಬ್ಬರ ತಲೆಗೂ ಗಂಧ ಸವರಿದಳು. ಬಸ್ಸಿನಲ್ಲಿ ಹಿಂದಿನ ಸೀಟಿನ ಮುದುಕರೊಬ್ಬರು, "ದರ್ಶನ ಚೆನ್ನಾಗಾತಾ?" ಎಂದು ಕೇಳಿದರು. "ಬಹಳ ಚೆನ್ನಾಗಾತು" ಎಂದ ಅಪ್ಪ. ಅವನ ಬಾಯಲ್ಲಿ ನಾನು ಕೇಳಿದ ಮೊದಲನೆಯ ಸುಳ್ಳು.

ಮನೆ ಬಾಗಿಲಲ್ಲೇ ಪೆದ್ದಮ್ಮ ಸಿಕ್ಕರು. ಅವ್ವ ಕಥೆಯನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಪೆದ್ದಮ್ಮ ನನ್ನ ದುಂಡು ಮುಖ, ಬೋಳು ತಲೆ ಎರಡನ್ನೂ ಸವರಿ, "ಗೋವಿಂದ, ಗೋವಿಂದ" ಎಂದರು. ಆಮೇಲೆ ಕೈ ಚಾಚಿದರು.

"ಏಮ್ಮಾ, ಲಾಡು ಎಲ್ಲಿ?"

ಅವ್ವನ ಯೋಜನೆಯಲ್ಲಿ ಲಾಡು ಇರಲಿಲ್ಲ. "ಚೀಲದ ತಳದಾಗೆ ಐತೆ. ಸಂಜೆ ಕೊಡ್ತೀನಿ" ಎಂದು ಒಳಗೆ ಬಂದವಳೇ ಅಪ್ಪನನ್ನು ಕಡಲೆಹಿಟ್ಟು, ಸಕ್ಕರೆ, ಲವಂಗ, ಪಚ್ಚಕರ್ಪೂರ ತರಲು ಓಡಿಸಿದಳು. ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ತುಪ್ಪದ ವಾಸನೆ ಹೊರಗೆ ಹೋಗದ ಹಾಗೆ ಲಾಡು ಕಟ್ಟಿದಳು. ಸಂಜೆ ಪೆದ್ದಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಚಪ್ಪರಿಸಿದರು. "ತಿರುಪತಿ ಕೊಂಡದ ಮೇಲಿನ ರುಚಿನೇ ಬೇರೆ. ಮನೇಲಿ ಎಷ್ಟು ತುಪ್ಪ ಸುರಿದ್ರೂ ಹಿಂಗ್ ಬರಲ್ಲ."

ಅವ್ವ ತಲೆದೂಗಿದಳು. ಒಳಗೆ ಅವಳಿಗೆ ಅವಮಾನವಾಯಿತೋ ಹೆಮ್ಮೆಯಾಯಿತೋ ನಾನು ಕೇಳಲಿಲ್ಲ.

ಸುಳ್ಳಿಗೆ ಒಂದು ಲಾಭವಿತ್ತು. ಆ ದಿನಗಳಲ್ಲಿ ನನ್ನ ಮೈಯಲ್ಲಿ ರೋಗ ತಡೆಯುವ ಶಕ್ತಿಯೇ ಇರಲಿಲ್ಲ. ಜನರ ನಡುವೆ ಹೋಗಬಾರದು, ಕಾಯಿಸಿದ ನೀರೇ ಕುಡಿಯಬೇಕು, ಹೊರಗಿನದು ತಿನ್ನಬಾರದು, ಹತ್ತಿರ ಬಂದವರು ಕೈ ತೊಳೆದು ಬರಬೇಕು ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯ ಮಾತು ಎಂದು ಹೇಳಿದ್ದರೆ ನಮ್ಮ ಬೀದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಬೇಕೆಂದೇ ಕೂಸಿನ ಮೂಗೊರೆಸಿದ ಕೈಯಲ್ಲಿ ನನ್ನ ಕೆನ್ನೆ ಹಿಂಡುತ್ತಿದ್ದರು. ಅವ್ವ ಅದನ್ನೆಲ್ಲ ವ್ರತ ಎಂದಳು. ತಕ್ಷಣ ಇಡೀ ಬೀದಿ ಕೈಕಾಲು ತೊಳೆದುಕೊಂಡು, ನಾಲ್ಕು ಮಾರು ದೂರ ನಿಂತು ನನ್ನನ್ನು ಮಾತಾಡಿಸತೊಡಗಿತು. ಕೆಮ್ಮು ಇದ್ದವರು ತಾವಾಗಿಯೇ ಹೊಸ್ತಿಲಾಚೆ ನಿಂತರು. ಸೋಪು, ನೀರಿನ ಮಹಿಮೆಯನ್ನು ಸಾರುವವರು ನಮ್ಮ ಅವ್ವನ ಹತ್ತಿರ ಪಾಠ ಕಲಿಯಬಹುದಿತ್ತು.

ಮೊದಲ ಎಂಟು ತಿಂಗಳು ಬೆಂಗಳೂರಿಗೆ ಮೇಲಿಂದ ಮೇಲೆ ಹೋಗಬೇಕಾಯಿತು. ಕೂದಲು ಚಿಗುರುವುದು, ಇನ್ನೊಂದು ಸುತ್ತು ಔಷಧಿ ಬಿದ್ದು ಉದುರುವುದು ನಡೆದೇ ಇತ್ತು. ಪ್ರತಿ ಸಲ ಅಪ್ಪನೂ ತಲೆ ಬೋಳಿಸಿಕೊಳ್ಳುತ್ತಿದ್ದ. ಪ್ರತಿ ಸಲ ಅವ್ವ ಕಿಟಕಿ ಮುಚ್ಚಿ ಲಾಡು ಕಟ್ಟುತ್ತಿದ್ದಳು. ನನ್ನ ಭಕ್ತಿಯ ಕೀರ್ತಿ ಹಬ್ಬಿತು. ಜನ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಕೊಂಡು ಬಂದು, "ನಮ್ಮದೂ ಹುಂಡಿಗೆ ಹಾಕಿ ಬಾ ತಾಯಿ" ಎಂದು ಕೊಡಲು ಶುರು ಮಾಡಿದರು. ನನಗಿಂತ ಎರಡು ಪಟ್ಟು ವಯಸ್ಸಿನವರು ನನ್ನನ್ನು ತಾಯಿ ಎನ್ನುತ್ತಿದ್ದರು. ಇನ್ನೊಂದು ವರ್ಷ ಕಳೆದಿದ್ದರೆ ಕಾಲಿಗೂ ಬೀಳುತ್ತಿದ್ದರು.

ಮುಡಿಪುಗಳು ಟ್ರಂಕಿನಲ್ಲಿ ಗುಡ್ಡೆಯಾದವು. ಅಪ್ಪನಿಗೆ ಊಟ ಸೇರದಾಯಿತು. "ನಮ್ಮ ಸುಳ್ಳು ನಮಗಿರಲಿ. ಇದು ಮಂದಿ ಹರಕೆ. ದೇವರಿಗೆ ಮುಟ್ಟಬೇಕು" ಎಂದ. ನಾನು ಮೂರು ದಿನದ ಔಷಧಿಗೆ ಆಸ್ಪತ್ರೆ ಸೇರಿದ್ದಾಗ, ಅವ್ವನನ್ನು ನನ್ನ ಜೊತೆ ಬಿಟ್ಟು, ಗಂಟುಗಳನ್ನೆಲ್ಲ ಹೊತ್ತುಕೊಂಡು ಬೆಂಗಳೂರಿನಿಂದ ಒಬ್ಬನೇ ತಿರುಪತಿಗೆ ಹೋದ. ಮೂರನೆಯ ದಿನ ಬಂದು ಹಾಸಿಗೆ ಪಕ್ಕ ನಿಂತ. ಕಾಲು ಊದಿದ್ದವು.

"ಎಲ್ಲಾರದೂ ಹಾಕಿ ಬಂದೆ."

"ನಂಗೆ ಏನು ಕೇಳ್ಕೊಂಡೆ ಅಪ್ಪಾ?"

"ಮೊದಲು, ಸುಳ್ಳು ಹೇಳಿದ್ದಕ್ಕೆ ಕ್ಷಮಿಸಪ್ಪಾ ಅಂದೆ. ನಿನ್ನ ವಿಷ್ಯ ಶುರು ಮಾಡಬೇಕು, ಅಷ್ಟರಾಗೆ ಹಿಂದಿನೋರು ತಳ್ಳಿಬಿಟ್ರು."

ಅವ್ವ ಬೈಯಲು ಬಾಯಿ ತೆರೆದಳು. ನಾನು ನಗತೊಡಗಿದೆ. ಬಾಯಿಯೆಲ್ಲ ಹುಣ್ಣಾಗಿ ನಗಲೂ ಆಗುತ್ತಿರಲಿಲ್ಲ, ನಿಲ್ಲಿಸಲೂ ಆಗುತ್ತಿರಲಿಲ್ಲ. ಅಪ್ಪನೂ ನಕ್ಕ.

ಆ ಸಲ ನಿಜವಾದ ತಿರುಪತಿ ಲಾಡು ತಂದಿದ್ದ. ಪೆದ್ದಮ್ಮ ಬಾಯಿಗೆ ಹಾಕಿ ಹುಬ್ಬು ಗಂಟಿಕ್ಕಿದರು. "ಈ ಸಲ ಯಾಕೋ ಮೊದಲಿನಂಗಿಲ್ಲ. ಮಾಡೋ ಕೈ ಬದಲಾಗಿರಬೇಕು." ಅವ್ವ ಮೂರು ದಿನ ಬೀಗುತ್ತ ಓಡಾಡಿದಳು.

ಎಂಟು ತಿಂಗಳಾದ ಮೇಲೆ ದೊಡ್ಡ ಔಷಧಿಗಳು ಮುಗಿದವು. ಇನ್ನು ದಿನಾ ಸಂಜೆ ಮರ್ಕ್ಯಾಪ್ಟೋಪ್ಯೂರಿನ್ ಮಾತ್ರೆ, ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಸೂಜಿ. ನಡುನಡುವೆ ಚಳ್ಳಕೆರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ. ಕೂದಲು ಬಂತು. ಮುಖ ಇಳಿಯಿತು. ಮೈಯಲ್ಲಿ ಕಾಯಿಲೆಯ ಗುರುತೇ ಇಲ್ಲ. ಈ ಹಂತವೇ ಅಪಾಯದ್ದು ಎಂದು ಡಾಕ್ಟರು ಸಾರಿ ಸಾರಿ ಹೇಳುತ್ತಿದ್ದರು. ಚೆನ್ನಾಗಿರುವ ಮನುಷ್ಯ ಮಾತ್ರೆ ಯಾಕೆ ನುಂಗಬೇಕು ಎಂದು ಚೆನ್ನಾಗಿರುವ ಮನುಷ್ಯನಿಗೇ ಅನಿಸುತ್ತದಂತೆ.

ದೊಡ್ಡಉಳ್ಳಾರ್ತಿಯ ಅಕ್ಕನಿಗೆ ಹಾಗೆಯೇ ಅನಿಸಿತು. "ಈಗ ಗಟ್ಟಿಯಾಗಿದೀನಲ್ಲೇ. ತಿಂಗಳಾ ತಿಂಗಳಾ ಇಲ್ಲಿಗೆ ಬಂದ್ರೆ ಕುರಿ ಯಾರು ನೋಡ್ತಾರೆ?" ಎಂದು ಒಂದು ಸಲ ಹೇಳಿದಳು. ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ನಾಲ್ಕೈದು ತಿಂಗಳ ಮೇಲೆ ಅವಳನ್ನು ಸ್ಟ್ರೆಚರ್ ಮೇಲೆ ನೋಡಿದೆ. ಗುರುತು ಸಿಗಲಿಲ್ಲ, ಅವಳೇ ಕರೆದಳು. ಕೈ ಹಿಡಿದುಕೊಂಡು ಹತ್ತಿರ ಕೂತೆ. ಟಗರಿನ ಮಾತು ತೆಗೆದು ನಗಿಸಲು ನೋಡಿದೆ. ಅವಳು ನಗಲಿಲ್ಲ. "ನೀನು ಮಾತ್ರೆ ಬಿಡಬ್ಯಾಡ" ಎಂದಳು. ಅಷ್ಟೇ. ಮುಂದಿನ ಸಲ ಹೋದಾಗ ಆ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ನರ್ಸನ್ನು ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

ಇದರ ಬಗ್ಗೆ ಕುಹಕದ ಮಾತು ಆಡಲು ನನಗೆ ಇವತ್ತಿಗೂ ಬರುವುದಿಲ್ಲ.

ಅದಾಗಿ ಮೂರು ವಾರಕ್ಕೆ ನನ್ನನ್ನು ನೋಡಲು ಚಳ್ಳಕೆರೆಯಿಂದ ಗಂಡಿನ ಕಡೆಯವರು ಬಂದರು. ಹುಡುಗನದು ಸ್ವಂತ ಅಂಗಡಿ. ಹುಡುಗನ ತಾಯಿಗೆ ನನ್ನ ಭಕ್ತಿಯ ಸುದ್ದಿ ಮುಟ್ಟಿತ್ತು. ನಾಲ್ಕು ಬೆರಳುದ್ದದ ನನ್ನ ಕೂದಲನ್ನು ಅವರು ಒಡವೆಯ ಹಾಗೆ ನೋಡಿದರು. ಅವ್ವ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದಳು. ಹುಡುಗ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

"ಇಂಥಾ ಹುಡುಗಿ ಈ ಕಾಲದಾಗೆ ಎಲ್ಲಿ ಸಿಗ್ತಾಳೆ? ಮುಂದಿನ ಸಲ ತಿರುಪತಿಗೆ ಯಾವಾಗಮ್ಮ ಹೋಗ್ತೀಯಾ? ನಮ್ಮನ್ನೂ ಕರ್ಕೊಂಡು ಹೋಗು" ಎಂದರು ಹುಡುಗನ ತಾಯಿ.

ನಾನು ಸುಮ್ಮನೆ ತಲೆ ತಗ್ಗಿಸಿದ್ದರೆ ಮುಗಿಯುತ್ತಿತ್ತು. ಅಕ್ಕನ ಮಾತು ಕಿವಿಯಲ್ಲಿತ್ತು. ಮದುವೆಯಾದ ಮೇಲೆ ದಿನಾ ಸಂಜೆ ಆ ಮಾತ್ರೆಯನ್ನು ಯಾವ ಪ್ರಸಾದ ಎಂದು ಹೇಳಿ ನುಂಗಲಿ?

"ಬರೋ ಸೋಮವಾರ ಹೋಗ್ತೀನಿ. ಆದ್ರೆ ತಿರುಪತಿಗಲ್ಲ, ಬೆಂಗಳೂರು ಆಸ್ಪತ್ರೆಗೆ. ನಂಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಇನ್ನೂ ಔಷಧಿ ನಡೀತೈತೆ. ನೀವೂ ಬರೋದಾದ್ರೆ ಬರ್ರಿ."

ಅಪ್ಪ ಬಜ್ಜಿಯ ತಟ್ಟೆ ಹಿಡಿದು ಹಾಗೇ ನಿಂತ. ಹುಡುಗ ಕ್ಯಾಲೆಂಡರಿನಿಂದ ಕಣ್ಣು ತೆಗೆದು, ಆವತ್ತಿನ ಮೊದಲನೆಯ ಮತ್ತು ಕೊನೆಯ ಪ್ರಶ್ನೆ ಕೇಳಿದ.

"ಅಂಟುತ್ತಾ?"

"ಇಲ್ಲ" ಎಂದೆ. ಆದರೂ ಅವನು ನನ್ನ ಕೈಯಿಂದ ತೆಗೆದುಕೊಂಡಿದ್ದ ಚಹಾ ಲೋಟವನ್ನು ಎರಡು ಬೆರಳಲ್ಲಿ ದೂರ ಸರಿಸಿದ. ಅವನ ತಾಯಿಗೆ ಆ ಕ್ಷಣವೇ ಬಸ್ಸಿನ ಹೊತ್ತು ನೆನಪಾಯಿತು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

ಅವರು ಹೋದ ಮೇಲೆ ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಒಂದೂವರೆ ವರ್ಷ ಲಾಡು ಕಟ್ಟಿ ಕೈ ಸುಟ್ಕೊಂಡಿದ್ದು ಇದಕ್ಕೇನೇ? ಇನ್ನ ನಿನ್ನ ಯಾರು ಮಾಡ್ಕೋತಾರೆ?" ಅಪ್ಪ ತಟ್ಟೆ ಕೆಳಗಿಟ್ಟು ಕೂತ. "ಮಂಡಕ್ಕಿ ಮೆತ್ತಗಾಗ್ತೈತೆ, ತಿನ್ರಿ" ಎಂದ. ಒಂದು ಬಜ್ಜಿ ತಿಂದು ಮುಗಿಸಿ, "ಒಳ್ಳೇದಾತು ಬಿಡು. ನಂಗೂ ತಲೆ ಬೋಳಿಸ್ಕೊಂಡು ಸಾಕಾಗಿತ್ತು" ಎಂದ.

ಸುದ್ದಿ ಸಂಜೆಯೊಳಗೆ ಬೀದಿ ತುಂಬಿತು. ಮಾರನೆಯ ದಿನದಿಂದ ನಮ್ಮ ಮನೆಯ ನೀರು ಕುಡಿಯುವವರು ಕಡಿಮೆಯಾದರು. ತಾಯಿ ಎನ್ನುತ್ತಿದ್ದವರು ಎದುರಿಗೆ ಬಂದರೆ ಚಪ್ಪಲಿ ಸರಿಮಾಡಿಕೊಳ್ಳುತ್ತ ನಿಲ್ಲುತ್ತಿದ್ದರು. ಪೆದ್ದಮ್ಮ ಮಾತ್ರ ನೇರ ಒಳಗೆ ಬಂದು ಮಗ್ಗದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕ್ಯಾನ್ಸರಿನ ಬಗ್ಗೆ ಕೇಳುತ್ತಾರೆ ಎಂದು ನಾನು ಉತ್ತರ ಜೋಡಿಸಿಕೊಂಡೆ.

"ಹಂಗಾದ್ರೆ ನಾನು ತಿಂದ ಲಾಡು?"

ಅವ್ವ ತಲೆ ತಗ್ಗಿಸಿದಳು. "ನಾನೇ ಮಾಡಿದ್ದು ಪೆದ್ದಮ್ಮ."

"ಕಣ್ಣಿಗೆ ಒತ್ಕೊಂಡು ತಿಂದೆನಲ್ಲೇ! ಒಂದಲ್ಲ, ಎರಡಲ್ಲ!" ಎಂದು ಕಾಲು ಗಂಟೆ ಬೈದರು. ತೆಲುಗಿನಲ್ಲಿ ಶುರು ಮಾಡಿ, ಕನ್ನಡಕ್ಕೆ ಬಂದು, ಮತ್ತೆ ತೆಲುಗಿಗೇ ಹೋದರು. ಬೈಗುಳ ಮುಗಿದ ಮೇಲೆ ನನ್ನ ಕಡೆ ತಿರುಗಿ, "ನೋವು ಐತಾ?" ಎಂದರು. ಈಗಿಲ್ಲ ಎಂದೆ. ಯಾವ ಔಷಧಿ ಕೊಡುತ್ತಾರೆ ಎಂದು ಕೇಳಿದರು. ನಾನು ಜಾಣತನ ತೋರಿಸಲು ಹೋಗಿ, ಆ ತಿಂಗಳ ಸೂಜಿಯ ಔಷಧಿಯನ್ನು ನಿತ್ಯಪುಷ್ಪದ ಗಿಡದಿಂದ ತೆಗೆಯುತ್ತಾರಂತೆ ಎಂದುಬಿಟ್ಟೆ.

"ಬಿಳ್ಳಗನ್ನೇರಾ? ನಮ್ಮ ಬಚ್ಚಲ ಹಿಂದೆ ಬೇಕಾದಷ್ಟೈತೆ! ಅದಕ್ಕೆ ಬೆಂಗಳೂರಿಗೆ ಹೋಗ್ತಾರಾ?"

ಮಾರನೆಯ ಬೆಳಿಗ್ಗೆ ಒಂದು ಚೊಂಬು ಹಸಿರು ಕಷಾಯ ಬಂತು. ಅದು ಹಾಗೆ ಕುಡಿಯುವ ಔಷಧಿಯಲ್ಲ, ವಿಷ ಎಂದು ಅವರಿಗೆ ತಿಳಿಸಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಕಷಾಯವನ್ನು ಅವರ ಕಣ್ಣು ತಪ್ಪಿಸಿ ಮೋರಿಗೆ ಚೆಲ್ಲಿದೆ. ಕೊನೆಗೆ ಅವರು ಸಿಟ್ಟಾಗಿ, "ಆ ಡಾಕ್ಟರನ್ನೇ ಕೇಳ್ತೀನಿ" ಎಂದು ಸೋಮವಾರ ನಮ್ಮ ಜೊತೆ ಬಸ್ಸು ಹತ್ತಿದರು. ಹೊರಡುವಾಗ ಅವ್ವನಿಗೆ ಹೇಳಿ ಒಂದು ಡಬ್ಬಿ ಲಾಡು ಕಟ್ಟಿಸಿಕೊಂಡಿದ್ದರು.

ವಾರ್ಡಿನ ಬಾಗಿಲಲ್ಲಿ ಪೆದ್ದಮ್ಮ ನಿಂತುಬಿಟ್ಟರು. ಸಾಲು ಸಾಲು ಹಾಸಿಗೆ, ಸಾಲು ಸಾಲು ಬೋಳು ತಲೆ. ಅವರ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಡಬ್ಬಿ ತೆಗೆದು, ಒಂದೊಂದೇ ಹಾಸಿಗೆಯ ಹತ್ತಿರ ಹೋಗಿ, ತಿನ್ನಬಹುದಾದವರ ಕೈಗೆ ಒಂದೊಂದು ಲಾಡು ಇಟ್ಟರು.

"ತಗೋಳಮ್ಮ. ತಿರುಪತಿ ಪ್ರಸಾದ. ಕೊಂಡದಿಂದ ನಿನ್ನೆ ಬಂದಿದ್ದು. ಕಣ್ಣಿಗೆ ಒತ್ಕೊಂಡು ತಿನ್ನು."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಿಟಕಿಯಾಚೆ ನೋಡಿದ. ಡಾಕ್ಟರು ಬಂದಾಗ ಕಷಾಯದ ವಿಷಯ ಕೇಳುವುದನ್ನು ಪೆದ್ದಮ್ಮ ಮರೆತೇಬಿಟ್ಟರು. ಡಾಕ್ಟರಿಗೂ ಒಂದು ಲಾಡು ಕೊಟ್ಟರು. ಅವರೂ ಕಣ್ಣಿಗೊತ್ತಿಕೊಂಡರು.

ಚಿಕಿತ್ಸೆ ಇನ್ನೂ ಒಂದು ವರ್ಷ ನಡೆಯಿತು. ನಾನು ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಹೊರಗಿನಿಂದ ಪರೀಕ್ಷೆ ಕಟ್ಟಿ ಬಿ.ಎ. ಮುಗಿಸಿದೆ. ಕೊನೆಯ ದಿನ ಡಾಕ್ಟರು ನನ್ನ ಫೈಲು ತಿರುವಿ, "ಇವತ್ತಿಂದ ಮಾತ್ರೆ ಬೇಡ" ಎಂದು, ಮುಂದಿನವರನ್ನು ಕರೆದರು. ನಾನು ಇನ್ನೂ ಏನಾದರೂ ಹೇಳುತ್ತಾರೆ ಎಂದು ಕೂತೇ ಇದ್ದೆ. "ಮತ್ತೇನು?" ಎಂದರು. ಏನಿಲ್ಲ ಎಂದು ಎದ್ದು ಬಂದೆ. ಎರಡೂವರೆ ವರ್ಷದ ಯುದ್ಧ ಸೀರೆ ಅಂಗಡಿಯಲ್ಲಿ ಬಿಲ್ಲು ಹರಿದುಕೊಟ್ಟಷ್ಟು ಸಲೀಸಾಗಿ ಮುಗಿಯಿತು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತು ನಿದ್ದೆ ಮಾಡುತ್ತಿದ್ದ. ಎಬ್ಬಿಸಿ ಹೇಳಿದೆ. "ಹಂಗಾದ್ರೆ ಊಟ ಮಾಡಾಣ" ಎಂದ. ಮಾಡಿದೆವು.

ಮುಂದೆ ನನಗೆ ಕೊಂಡ್ಲಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮದುವೆಯೂ ಆಯಿತು, ತಡವಾಗಿ. ನನ್ನ ಆಸ್ಪತ್ರೆ ಫೈಲನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ, "ಈ ಡಾಕ್ಟರ ಅಕ್ಷರ ಮಾತ್ರ ಸುಧಾರಿಸಬೇಕು" ಎಂದ ಮೇಷ್ಟರೊಬ್ಬರ ಜೊತೆ.

ಮಾತ್ರೆ ನಿಲ್ಲಿಸಿದ ವರ್ಷದ ಚಳಿಗಾಲದಲ್ಲಿ ನನಗೊಂದು ನೆಗಡಿ ಬಂತು. ಮನೆಯವರೆಲ್ಲ ಬಿಳಿಚಿಕೊಂಡರು. ಅಪ್ಪ ಅರ್ಧ ನೇಯ್ದ ಸೀರೆ ಬಿಟ್ಟು ಎದ್ದು, ನನ್ನನ್ನು ಬಸ್ಸಿಗೆ ಹಾಕಿಕೊಂಡು ಚಳ್ಳಕೆರೆಗೆ ಓಡಿದ. ಡಾಕ್ಟರು ಗಂಟಲು ನೋಡಿದರು, ಎದೆ ನೋಡಿದರು, ರಕ್ತದ ಚೀಟಿ ನೋಡಿದರು. "ಇದು ನೆಗಡಿ" ಎಂದರು.

"ಅಷ್ಟೇನಾ ಸಾರ್?"

"ಅಷ್ಟೇ. ಔಷಧಿ ತಗೊಂಡ್ರೆ ಏಳು ದಿನ, ಬಿಟ್ರೆ ಒಂದು ವಾರ."

ನಾನು ಒಂದು ವಾರ ಸೀನಿದೆ. ಎಲ್ಲರ ಮನೆಯಲ್ಲೂ ಎಲ್ಲರೂ ಸೀನುವ ಹಾಗೆ ಜೋರಾಗಿ, ಯಾವ ಮುಚ್ಚುಮರೆಯೂ ಇಲ್ಲದೆ, ಬಾಗಿಲು ಕಿಟಕಿ ತೆರೆದಿಟ್ಟುಕೊಂಡು.